ಲೇಸರಿನ ಕಿವಿ ಹಿಂಡಿದವರು

ಜುಲೈ 3, 2006, ಸೋಮವಾರ

ಇವತ್ತು ಬಂತು. ಬಂದು, ನಾನು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ನಿಂತಿತು. ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದೇ ಎತ್ತರದ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ. ಸೆಕೆಂಡಿಗೆ ಎರಡು ಕೋಟಿ ಪಲ್ಸ್, ಬೆಳಕಿನ ಪುಟ್ಟ ಮಿಡಿತಗಳು. ಫೋಟೊ ತೆಗೆಯೋಣವೆಂದು ಕ್ಯಾಮೆರಾ ಹುಡುಕುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಬೇಸಿಗೆಯಲ್ಲೇ ಸತ್ತಿದೆ.

ಕರೆಂಟು ಬಂದ ಮೇಲೆ ಕಿವಿಗಳನ್ನು ಅದೇ ಕೋನಕ್ಕೆ ತಿರುಗಿಸಿದರೂ ಅದು ಮತ್ತೆ ಬರಲಿಲ್ಲ. ಬರುವುದೇ ಇಲ್ಲ. ಎಲ್ಲ ಮೊದಲಿನಿಂದ.

ಕಿವಿ ಎನ್ನುವುದು ನಾನೇ ಇಟ್ಟ ಹೆಸರು. ಮೇಜಿನ ಮೇಲೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ದೊಡ್ಡ ಬಳೆಯ ಹಾಗೆ ಸುತ್ತಿಕೊಂಡಿದೆ, ಇದೇ ನಮ್ಮ ಲೇಸರ್. ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಸುತ್ತುತ್ತಲೇ ಇರುತ್ತದೆ. ಎರ್ಬಿಯಮ್ ಎಂಬ ಲೋಹ ಬೆರೆತ ಒಂದು ತುಂಡಿನಲ್ಲಿ ಮಾತ್ರ ನಸು ಹಸಿರು ಮಿನುಗು ಕಾಣುತ್ತದೆ. ಆರು ಕಡೆ ಆ ಎಳೆಯನ್ನು ದುಂಡನೆಯ ಪುಟ್ಟ ಬಿಲ್ಲೆಗಳಿಗೆ ಸುತ್ತಿದ್ದೇವೆ. ನೋಡಲಿಕ್ಕೆ ಥೇಟು ಇಲಿಯ ಕಿವಿ. ಕಿವಿ ತಿರುಚಿದರೆ ಎಳೆ ತಿರುಚಿಕೊಳ್ಳುತ್ತದೆ, ಒಳಗಿನ ಬೆಳಕಿನ ನಿಲುವು ಬದಲಾಗುತ್ತದೆ. ಆರೂ ಕಿವಿ ಹದಕ್ಕೆ ಬಂದಾಗ ದುರ್ಬಲ ಬೆಳಕೆಲ್ಲ ಸುತ್ತು ಸುತ್ತಿಗೆ ಸೋರಿಹೋಗಿ, ಬಲವಾದದ್ದು ಮಾತ್ರ ಉಳಿದು, ಚದುರಿದ ಬೆಳಕೆಲ್ಲ ಒಂದೇ ಪಲ್ಸಿನಲ್ಲಿ ಮುದ್ದೆಯಾಗುತ್ತದೆ. ಅದು ಎಷ್ಟು ಗಿಡ್ಡ? ಒಂದು ಸೆಕೆಂಡಿನಲ್ಲಿ ಭೂಮಿಗೆ ಏಳು ಸುತ್ತು ಬರುವ ಬೆಳಕು ಆ ಪಲ್ಸಿನ ಅವಧಿಯಲ್ಲಿ ಒಂದು ಕೂದಲಿನ ದಪ್ಪದಷ್ಟು ದೂರ ಮಾತ್ರ ಹೋಗುತ್ತದೆ.

ಯಾಕೆ ಬಂತು, ಯಾಕೆ ಹೋಯಿತು? ಕೈಗೆ ಗೊತ್ತಿರಬಹುದು, ನನಗೆ ಗೊತ್ತಿಲ್ಲ. ಮೊದಲಾದರೆ ಲೋಕಯ್ಯ ಸರ್ ಇದ್ದರು. ನನ್ನ ಪಿಎಚ್‌ಡಿ ಗೈಡ್, ಈ ಪ್ರಾಜೆಕ್ಟಿನ ಯಜಮಾನರು. ಮೇ ತಿಂಗಳಲ್ಲಿ ನಿವೃತ್ತರಾಗಿ ಕನ್ಯಾನದ ಮನೆಗೆ ಹೋದರು. ಈಗ ದೆಹಲಿಯಿಂದ ಪತ್ರ ಬಂದಿದೆ: ಜನವರಿಯಲ್ಲಿ ಸಮಿತಿ ಬಂದು ನೋಡುತ್ತದೆ, ಲೇಸರ್ ಸ್ಥಿರವಾಗಿ ನಡೆಯದಿದ್ದರೆ ಉಪಕರಣಗಳನ್ನೆಲ್ಲ ದೊಡ್ಡ ಸಂಸ್ಥೆಯೊಂದಕ್ಕೆ ವರ್ಗಾಯಿಸಲಾಗುವುದು. ಬಳೆ ಬಿಚ್ಚಿ ಪೆಟ್ಟಿಗೆಗೆ ತುಂಬುವ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಪ್ರಿನ್ಸಿಪಾಲರು ಕರೆದು, "ಫಾಹಿಮಾ ಮೇಡಂ, ಎಲೆಕ್ಟ್ರಾನಿಕ್ಸಿಗೆ ಹೊಸ ಲೆಕ್ಚರರ್ ಒಬ್ಬರು ಬಂದಿದ್ದಾರೆ. ನಿಮ್ಮ ಜೊತೆ ಹಾಕ್ತೇನೆ. ಒಬ್ಬರೇ ಎಷ್ಟು ಅಂತ ಮಾಡ್ತೀರಿ?" ಎಂದರು. "ಬೇಡ ಸರ್" ಎಂದೆ. ಅವರು ಅದನ್ನು ಸಂಕೋಚ ಎಂದುಕೊಂಡರು.

ಜುಲೈ 6, ಗುರುವಾರ

ಎಲೆಕ್ಟ್ರಾನಿಕ್ಸಿನವರು ಬಂದರು. ಬೆಳ್ತಂಗಡಿಯವರಂತೆ, ಇಲ್ಲಿ ಮೂಡುಬಿದಿರೆಯಲ್ಲಿ ಲೇಡೀಸ್ ಹಾಸ್ಟೆಲಿನಲ್ಲಿ ಇದ್ದಾರಂತೆ. ಹೆಸರು ಸಾತ್ವಿಕಾ. ಹೆಸರು ಮಾತ್ರ ಸಾತ್ವಿಕ. ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ತನ್ನ ಊರು, ತಂದೆಯ ಹೋಟೆಲು, ಹಾಸ್ಟೆಲಿನ ಸಾಂಬಾರು ಎಲ್ಲ ಹೇಳಿ ಮುಗಿಸಿದರು. ಆಮೇಲೆ, "ಅಯ್ಯೋ, ಇದೆಂತ ಮೇಡಂ ಇಷ್ಟು ಚಂದ ಹಸಿರು!" ಎನ್ನುತ್ತ ಎಳೆಗೆ ಬೆರಳು ತಾಗಿಸಿದರು.

ಬೆಳಗ್ಗಿನಿಂದ ಹುಡುಕಿ ಹಿಡಿದದ್ದು ಹೋಯಿತು.

"ಮುಟ್ಟಬೇಡಿ" ಎಂದೆ. ಸ್ವಲ್ಪ ಜೋರಾಗಿಯೇ ಎಂದಿರಬೇಕು. ಅವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಶಾಲೆಯ ಮಕ್ಕಳ ಹಾಗೆ ನಿಂತರು. ಮಾತು ಮಾತ್ರ ನಿಲ್ಲಲಿಲ್ಲ.

ಜುಲೈ 19

ಮಳೆ. ಕರೆಂಟು ಬಂದು ಹೋಗಿ ಬಂದು ಹೋಗಿ. ಏನೂ ಆಗಲಿಲ್ಲ. ಎಲೆಕ್ಟ್ರಾನಿಕ್ಸಿನವರು ಮೂಲೆಯ ಸ್ಟೂಲಿನಲ್ಲಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಕಿರಿಕಿರಿ.

ಜುಲೈ 30, ಭಾನುವಾರ

ಇವತ್ತು ಉಮ್ಮ ನೀರುದೋಸೆ ಹೊಯ್ಯುತ್ತ ಕೇಳಿದರು, "ಮಗಳೇ, ಇಷ್ಟು ವರ್ಷದಿಂದ ನೀನು ಆ ಕೋಣೆಯಲ್ಲಿ ಎಂತ ಮಾಡ್ತೀ ಅಂತ ಒಂದು ಸಲ ನನಗೆ ಅರ್ಥ ಆಗುವ ಹಾಗೆ ಹೇಳು. ನಿನ್ನೆ ಮದುವೆಮನೆಯಲ್ಲಿ ನಫೀಸಮ್ಮ ಕೇಳಿದರೆ ನಾನು 'ಲೈಟಿನ ಕೆಲಸ' ಅಂದೆ. ಅವಳು ತನ್ನ ಮನೆಯ ಟ್ಯೂಬ್‌ಲೈಟು ರಿಪೇರಿ ಉಂಟು ಅಂದಳು."

ನಕ್ಕು ನಕ್ಕು ದೋಸೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆಮೇಲೆ ಹೇಳಿದೆ. "ಮದುವೆಯಲ್ಲಿ ದಫ್ ಬಾರಿಸುವವರು ಇದ್ದಾರಲ್ಲ ಉಮ್ಮ. ಹತ್ತು ಜನ ಅವರವರಿಗೆ ಬೇಕಾದ ಹಾಗೆ ಬಾರಿಸಿದರೆ ಎಂತ ಕೇಳ್ತದೆ?"

"ಗಲಾಟೆ."

"ಎಲ್ಲರೂ ಒಟ್ಟಿಗೆ ಬಾರಿಸಿದರೆ?"

"ಒಂದೇ ಪೆಟ್ಟು. ಎದೆಗೆ ತಾಗ್ತದೆ."

"ಬೆಳಕಿನಲ್ಲಿಯೂ ಹಾಗೇ. ಎಳೆಯೊಳಗೆ ಸಾವಿರಾರು ಜನ ಬಾರಿಸುವವರು ಇದ್ದಾರೆ. ಅವರನ್ನು ಒಟ್ಟಿಗೆ ಬಾರಿಸುವ ಹಾಗೆ ಮಾಡುವುದು ನನ್ನ ಕೆಲಸ."

"ಹೇಗೆ ಮಾಡ್ತೀ?"

"ಕಿವಿ ಹಿಂಡಿ."

ಉಮ್ಮನಿಗೆ ಇದು ಬಹಳ ಸರಿ ಕಂಡಿತು. "ಅದು ಒಳ್ಳೆಯದು. ಕಿವಿ ಹಿಂಡದೆ ಯಾರೂ ಬುದ್ಧಿ ಕಲಿಯುವುದಿಲ್ಲ" ಎಂದು ಇನ್ನೊಂದು ದೋಸೆ ಹಾಕಿದರು.

ಆಗಸ್ಟ್ 12, ಶನಿವಾರ

ಜಗಳ. ಸಾತ್ವಿಕಾ ಮೇಡಂ ಒಂದು ಗೋಣಿಚೀಲ ತಂದು ಲ್ಯಾಬಿನ ನೆಲದ ಮೇಲೆ ಸುರಿದರು. ಕಾಲೇಜು ಗುಜರಿಗೆ ಹಾಕಿದ ಹಳೇ ಪ್ರಿಂಟರುಗಳ ಒಳಗಿನ ಮೋಟರುಗಳು. ಒಂದೊಂದು ಕಿವಿಗೆ ಒಂದೊಂದು ಮೋಟರು ಕಟ್ಟುವುದು, ಕಂಪ್ಯೂಟರು ಅವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗುವುದು, ಪಲ್ಸು ಸಿಕ್ಕಿದ ಕೂಡಲೇ ನಿಲ್ಲುವುದು. ಇದು ಅವರ ಯೋಜನೆ.

"ಇದು ಕೈಯ ಕೆಲಸ" ಎಂದೆ. "ನಾಲ್ಕು ವರ್ಷದಿಂದ ಮಾಡ್ತಾ ಇದ್ದೇನೆ. ಹದ ಉಂಟು ಇದಕ್ಕೆ. ಮೋಟರಿಗೆ ಹದ ಗೊತ್ತಾಗ್ತದಾ?"

"ಗೊತ್ತಾಗುವುದಿಲ್ಲ ಮೇಡಂ. ಆದರೆ ಅದಕ್ಕೆ ಬೇಜಾರೂ ಆಗುವುದಿಲ್ಲ. ಕರೆಂಟು ಹೋದಾಗ ನಿಮ್ಮ ಮುಖ ಹೇಗಾಗ್ತದೆ ಅಂತ ನೀವು ನೋಡಿಲ್ಲ. ನಾನು ದಿನಾ ನೋಡ್ತೇನೆ."

ಅವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕರೆಂಟು ಹೋಯಿತು. ನಾನು ಮುಖವನ್ನು ಆದಷ್ಟು ಸಹಜವಾಗಿ ಇಟ್ಟುಕೊಳ್ಳಲು ನೋಡಿದೆ. ಕತ್ತಲಲ್ಲಿ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಅವರು ಕಿಸಕ್ಕನೆ ನಕ್ಕರು. ನನಗೂ ತಡೆಯಲಾಗಲಿಲ್ಲ.

ಒಂದು ಕಿವಿ ಕೊಟ್ಟಿದ್ದೇನೆ. ಒಂದೇ.

ಆಗಸ್ಟ್ 31

ಮೂರು ಕಿವಿಗೆ ಮೋಟರು ಆಯಿತು. ಮೋಟರು ತಿರುಗುವಾಗ ಹಳೇ ಪ್ರಿಂಟರಿನ ಹಾಗೆಯೇ ಕೊರ್ ಕೊರ್ ಎನ್ನುತ್ತದೆ. ಮಾರ್ಕ್ಸ್‌ಕಾರ್ಡು ಬರುತ್ತದೋ ಎಂದು ಕಾಯುವಂತಾಗುತ್ತದೆ.

ಇವತ್ತು ಸಾತ್ವಿಕಾಳ ಸ್ಕೂಟರಿನಲ್ಲಿ ಪೇಟೆಗೆ ಹೋದೆವು. ಪಲ್ಸಿನ ಉದ್ದ ಅಳೆಯುವ ಯಂತ್ರ ಹೊರದೇಶದ್ದು, ನಮಗೆ ಸಿಗುವಂಥದ್ದಲ್ಲ. ಅದಕ್ಕೆ ಲೋಕಯ್ಯ ಸರ್ ಹೇಳಿಕೊಟ್ಟ ಉಪಾಯ ಒಂದಿದೆ: ಪಲ್ಸನ್ನು ಎರಡಾಗಿ ಸೀಳಿ, ಒಂದನ್ನು ಸ್ಪೀಕರಿನ ಮೇಲೆ ಅಂಟಿಸಿದ ಕನ್ನಡಿಗೆ ಹೊಡೆಸುವುದು. ಸ್ಪೀಕರು ಅಲುಗಿದಂತೆ ಕನ್ನಡಿ ಹಿಂದೆ ಮುಂದೆ ಹೋಗಿ ಒಂದು ಪಾಲು ಸ್ವಲ್ಪ ತಡವಾಗಿ ಬರುತ್ತದೆ. ಎರಡೂ ಪಾಲು ಒಂದರ ಮೇಲೊಂದು ಬಿದ್ದಾಗ ಪರದೆಯ ಮೇಲೆ ಗುಡ್ಡ ಏಳುತ್ತದೆ. ಗುಡ್ಡದ ಅಗಲದಿಂದ ಪಲ್ಸಿನ ಉದ್ದ ಗೊತ್ತಾಗುತ್ತದೆ.

ಸೌಂಡ್ಸ್ ಅಂಗಡಿಯ ಇದಿನಬ್ಬ ಕೇಳಿದರು, "ಎಂತ ಕಾರ್ಯಕ್ರಮ ಮೇಡಂ? ಮದುವೆಯಾ, ಸಭೆಯಾ?"

"ಬೆಳಕು ಅಳೆಯಲಿಕ್ಕೆ."

"ಬೆಳಕಿಗೆ ಸ್ಪೀಕರ್ ಎಂತಕ್ಕೆ? ಬೆಳಕು ಮಾತಾಡ್ತದಾ?"

"ಈಗ ಇಲ್ಲ, ಮಾತಾಡಿಸಬೇಕು" ಎಂದಳು ಸಾತ್ವಿಕಾ. ಇದಿನಬ್ಬ ಒಳಗಿಂದ ಅತ್ಯಂತ ದೊಡ್ಡ ಸ್ಪೀಕರನ್ನು ತಂದರು. ಅದನ್ನು ವಾಪಸು ಇಡಿಸಿ ಅಂಗೈಯಗಲದ್ದನ್ನು ತೆಗೆದುಕೊಳ್ಳುವಾಗ ಅವರಿಗೆ ನಮ್ಮ ಕಾರ್ಯಕ್ರಮದ ಬಗ್ಗೆಯೇ ಮರ್ಯಾದೆ ಕಡಿಮೆಯಾದಂತೆ ಕಂಡಿತು.

ಸೆಪ್ಟೆಂಬರ್ 15, ಶುಕ್ರವಾರ

ಬಂತು! ನಾನು ಮುಟ್ಟಲೇ ಇಲ್ಲ. ಸಾತ್ವಿಕಾ ಕೀಲಿಮಣೆಯ ಒಂದು ಗುಂಡಿ ಒತ್ತಿದಳು, ಆರು ಕಿವಿಗಳೂ ಕೊರ್ ಕೊರ್ ಎಂದು ತಿರುಗುತ್ತ ಹೋದವು, ಗೆರೆಗಳು ಸಟ್ಟನೆ ಎದ್ದು ನಿಂತವು. ನಾನು ಕೈಯಲ್ಲಿ ತಂದದ್ದಕ್ಕಿಂತ ಎತ್ತರ. ಮೇನ್ ಸ್ವಿಚ್ಚು ಆಫ್ ಮಾಡಿ ಆನ್ ಮಾಡಿದೆವು. ಪುನಃ ಬಂತು.

ಪ್ರಿನ್ಸಿಪಾಲರು ಬಂದರು, ಭೌತಶಾಸ್ತ್ರದವರೆಲ್ಲ ಬಂದರು. ಸಾತ್ವಿಕಾ ಅಲ್ಲಿಂದಲೇ ಮನೆಗೆ ಫೋನು ಮಾಡಿ ತುಳುವಿನಲ್ಲಿ ಕೂಗಿದ್ದು ಬೆಳ್ತಂಗಡಿಗೆ ಫೋನಿಲ್ಲದೆಯೂ ಕೇಳಿಸಿರಬೇಕು. ಅವಳ ತಂದೆ ಸಂಜೆ ಹೋಟೆಲಿಗೆ ಬಂದವರಿಗೆಲ್ಲ ಜಿಲೇಬಿ ಹಂಚಿದರಂತೆ.

ಎಲ್ಲರೂ ಹೋದ ಮೇಲೆ ನನ್ನ ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯಲಿಲ್ಲ. ಮೇಜು ಒರೆಸಿದೆ.

ಅಕ್ಟೋಬರ್ 4, ಬುಧವಾರ

ಉಪವಾಸದ ತಿಂಗಳು. ಮಧ್ಯಾಹ್ನ ಊಟದ ಗೋಜಿಲ್ಲದ್ದರಿಂದ ಸ್ಪೀಕರಿನ ಕೆಲಸ ಇವತ್ತು ಮುಗಿಯಿತು. ಮುಗಿಯಬಾರದಿತ್ತು ಅನಿಸುತ್ತಿದೆ.

ಪರದೆಯಲ್ಲಿ ದುಂಡಗಿನ ಒಂದೇ ಗುಡ್ಡ ಏಳಬೇಕಿತ್ತು. ಎದ್ದದ್ದು ಅಗಲವಾದ ದಿಬ್ಬ, ಅದರ ತಲೆಯ ಮೇಲೆ ಸೂಜಿಯಂಥ ಮೊನೆ. ಎರಡು ಸಲ, ಹತ್ತು ಸಲ ನೋಡಿದೆ. ಅದೇ. ಅಂದರೆ ಮೋಟರುಗಳು ಹುಡುಕಿ ತರುತ್ತಿರುವುದು ನಿಜವಾದ ಪಲ್ಸಲ್ಲ, ಸದ್ದಿನ ಮೂಟೆ. ದಫ್‌ನವರು ಒಟ್ಟಿಗೆ ಬಾರಿಸುತ್ತಿಲ್ಲ, ಒಂದೇ ಕೋಣೆಗೆ ನುಗ್ಗಿ ಗಲಾಟೆ ಮಾಡುತ್ತಿದ್ದಾರೆ. ಹೊರಗೆ ನಿಂತು ಕೇಳುವವರಿಗೆ ಅದೂ ಒಂದೇ ದೊಡ್ಡ ಪೆಟ್ಟು.

ಸಾತ್ವಿಕಾಳಿಗೆ ಹೇಳಿದೆ. ಅವಳು ಪರದೆಯನ್ನು ನೋಡಿದಳು, ಮೋಟರುಗಳನ್ನು ನೋಡಿದಳು. "ಅಪ್ಪ ಜಿಲೇಬಿ ಹಂಚಿದ್ದಾರೆ ಮೇಡಂ" ಎಂದಳು.

ಅಕ್ಟೋಬರ್ 5

ಸಾತ್ವಿಕಾ ಬರಲಿಲ್ಲ. ರಜೆ ಹಾಕಿ ಊರಿಗೆ ಹೋಗಿದ್ದಾಳಂತೆ. ಲ್ಯಾಬಿನಲ್ಲಿ ನಿಶ್ಶಬ್ದ. ನನಗೆ ಬೇಕಾದ ಹಾಗೆ. ಕೆಲಸ ಚೆನ್ನಾಗಿ ಸಾಗಬೇಕಿತ್ತು. ಸಾಗಲಿಲ್ಲ, ಸೆಖೆಗೆ ಇರಬೇಕು.

ಅಕ್ಟೋಬರ್ 6

ಇವತ್ತೂ ಇಲ್ಲ. ಫೋನು ತೆಗೆಯುತ್ತಿಲ್ಲ. ಮೂಲೆಯ ಸ್ಟೂಲನ್ನು ದಾರಿಗೆ ಅಡ್ಡವೆಂದು ಹೊರಗಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಒಳಗೆ ತಂದೆ.

ಅಕ್ಟೋಬರ್ 7, ಶನಿವಾರ

ತರಗತಿ ಮುಗಿದ ಮೇಲೆ ಬೆಳ್ತಂಗಡಿಯ ಬಸ್ಸು ಹತ್ತಿದೆ. ಯಾಕೆ ಹತ್ತಿದೆನೆಂದು ವೇಣೂರು ದಾಟುವವರೆಗೂ ಯೋಚಿಸಿದೆ. ಪ್ರೋಗ್ರಾಮಿನ ಪ್ರತಿ ಅವಳ ಬಳಿ ಮಾತ್ರ ಇದೆ, ಅದು ಪ್ರಾಜೆಕ್ಟಿನ ಆಸ್ತಿ. ಇದೇ ಕಾರಣವೆಂದು ತೀರ್ಮಾನಿಸಿದೆ.

ಬಸ್‌ಸ್ಟ್ಯಾಂಡಿನ ಹತ್ತಿರವೇ ಹೋಟೆಲು, ಹಿಂಬದಿಯಲ್ಲಿ ಮನೆ. ಅವಳ ತಂದೆ ಕಮಲಾಕ್ಷಣ್ಣ ಗಲ್ಲಾದಿಂದ ಎದ್ದೇ ಬಂದರು. "ಓ, ಲೇಸರ್ ಮೇಡಂ! ಬನ್ನಿ ಬನ್ನಿ. ಗೋಳಿಬಜೆ ಈಗ ಬಾಣಲೆಯಿಂದ ತೆಗೆದದ್ದು, ಬಿಸಿ ಉಂಟು" ಎಂದು ಎದುರಿಗೆ ತಟ್ಟೆ ಇಟ್ಟೇಬಿಟ್ಟರು. "ಉಪವಾಸ ಅಣ್ಣ" ಎಂದೆ. ಅವರ ಮುಖ ನೋಡಬೇಕಿತ್ತು. ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿ, "ಛೆ ಛೆ, ಎಂತ ಮರ್ಲು ನನಗೆ! ವಾಸನೆ ಬರ್ತದಾ? ಕಿಟಕಿ ಹಾಕ್ಲಾ?" ಎಂದರು.

ಸಾತ್ವಿಕಾ ಒಳಗೆ ಕಂಪ್ಯೂಟರಿನ ಮುಂದೆ, ಎಣ್ಣೆ ಹಚ್ಚಿದ ತಲೆಯಲ್ಲಿ.

"ಕೋಪವಾ?" ಎಂದು ಕೇಳಿದೆ.

"ಕೋಪ ಎಂತದ್ದು? ನಾಚಿಕೆ. ನಾನು ಅದಕ್ಕೆ ಅತಿ ಎತ್ತರದ್ದನ್ನು ಹುಡುಕು ಅಂತ ಹೇಳಿದ್ದು. ಅದು ಹುಡುಕಿತು. ಅದರ ತಪ್ಪಲ್ಲ. ಎರಡು ದಿನದಿಂದ ಕೂತಿದ್ದೇನೆ, ಬೇರೆ ಎಂತ ಹೇಳಬೇಕು ಅಂತ ಗೊತ್ತಾಗ್ತಾ ಇಲ್ಲ." ಕುರ್ಚಿ ತಿರುಗಿಸಿ ಕೂತಳು. "ನೀವು ಕೈಯಲ್ಲಿ ತರುವಾಗ ಅದು ನಿಜದ್ದೇ ಇರ್ತಿತ್ತಲ್ಲ? ನಿಮ್ಮ ಹಳೇ ಅಳತೆಗಳ ಪ್ರಿಂಟೆಲ್ಲ ನೋಡಿದೆ, ಅದರಲ್ಲಿ ಬಣ್ಣಗಳ ಹಂಚಿಕೆ ನಿಜವಾದ ಪಲ್ಸಿನದ್ದೇ. ನೀವು ಎಂತ ನೋಡ್ತೀರಿ ಮೇಡಂ, ತಿರುಗಿಸುವಾಗ?"

"ಏನೂ ನೋಡುವುದಿಲ್ಲ. ಹದ."

"ಹದ ಅಂದರೆ?"

"ಹದ ಅಂದರೆ ಹದ" ಎಂದೆ. ಅವಳು ಬಿಡಲಿಲ್ಲ. ಕೊನೆಗೆ ಮೇಜಿನ ಮೇಲಿದ್ದ ಆರು ಚಮಚಗಳನ್ನು ನನ್ನ ಮುಂದೆ ಸಾಲಾಗಿ ಇಟ್ಟು, "ಇದು ಕಿವಿ. ತಿರುಗಿಸಿ. ತಿರುಗಿಸುತ್ತಾ ಹೇಳಿ" ಎಂದಳು. ಮೊದಲ ಚಮಚ ಮುಟ್ಟುವಾಗ ನಾಚಿಕೆಯಾಯಿತು. ಆಮೇಲೆ ಕಣ್ಣು ಮುಚ್ಚಿದೆ. ಕೈ ಹೋದಲ್ಲಿಗೆ ಬಾಯಿಯನ್ನೂ ಕಳಿಸಿದೆ.

"ಮೊದಲು ಪವರ್ ಜಾಸ್ತಿ ಕೊಡ್ತೇನೆ... ಗೆರೆ ಏಳ್ತದೆ... ಇಲ್ಲ, ಇದು ನಡುಗ್ತಾ ಉಂಟು, ಬೇಡ, ಬಿಟ್ಟು ಮುಂದೆ ಹೋಗ್ತೇನೆ... ಇದು ಬಹಳ ಎತ್ತರ, ಆದರೆ ತಲೆ ಮಂಜಾಗಿ ಉಂಟು, ಬೇಡ... ಇದು ಗಿಡ್ಡ. ಆದರೆ ನಡುಗುವುದಿಲ್ಲ. ಈಗ ಪವರ್ ಇಳಿಸ್ತೇನೆ. ಸ್ವಲ್ಪ ಸ್ವಲ್ಪ. ಇಳಿಸಿದರೂ ನಿಲ್ತದೆ..."

ಕಣ್ಣು ಬಿಟ್ಟರೆ ಸಾತ್ವಿಕಾ ಬರೆಯುವುದನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಇಳಿಸಿದರೂ ನಿಂತರೆ ನಿಜ! ಇದನ್ನು ಮೊದಲೇ ಹೇಳಬಾರದಿತ್ತಾ?"

"ನನಗೂ ಈಗಲೇ ಗೊತ್ತಾದದ್ದು ಮಾರಾಯ್ತಿ" ಎಂದೆ.

ಅಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು. ಕಮಲಾಕ್ಷಣ್ಣ ಎದುರಿನ ಅಂಗಡಿಯಿಂದ ತಾವೇ ಖರ್ಜೂರ ತಂದು, ಎಳನೀರು ಕೆತ್ತಿಟ್ಟು, ಮಸೀದಿಯ ಬಾಂಗ್ ಕೇಳಿಸುತ್ತದೋ ಎಂದು ಅಂಗಳದಲ್ಲಿ ಕಿವಿಗೊಟ್ಟು ನಿಂತಿದ್ದರು. ನನಗಿಂತ ಮೊದಲು ಅವರಿಗೇ ಕೇಳಿಸಿತು. "ಆಯ್ತು ಮೇಡಂ, ಆಯ್ತು, ತಿನ್ನಿ!" ಎಂದು ಓಡಿಬಂದರು. ಗೋಳಿಬಜೆ ಆಮೇಲೆ ಎಷ್ಟು ತಿಂದೆನೋ ನೆನಪಿಲ್ಲ. ತಮ್ಮ ಜೀಪಿನಲ್ಲೇ ತೋಡಾರಿನ ನಮ್ಮ ಮನೆಗೆ ತಂದು ಬಿಟ್ಟರು. ಉಮ್ಮನಿಗೆ ಒಂದು ಪೊಟ್ಟಣ ಬನ್ಸ್.

ಪ್ರೋಗ್ರಾಮಿನ ಪ್ರತಿ ತರಲು ಮರೆತೆ.

ಅಕ್ಟೋಬರ್ 28, ಶನಿವಾರ

ಹಬ್ಬಕ್ಕೆ ಸಾತ್ವಿಕಾ ಮನೆಗೆ ಬಂದಿದ್ದಳು. ಅವಳು ಮಾಂಸ ತಿನ್ನುವುದಿಲ್ಲವೆಂದು ಉಮ್ಮ ಅವಳಿಗಾಗಿ ತುಪ್ಪದನ್ನವನ್ನು ಬೇರೆ ಪಾತ್ರೆಯಲ್ಲೇ ಮಾಡಿದರು. ಇಬ್ಬರೂ ಸೇರಿ ನನ್ನ ಬಗ್ಗೆ ಮಾತಾಡಿದರು, ನನ್ನೆದುರಿಗೇ. "ಮನೆಯಲ್ಲೂ ಹೀಗೆಯಾ ಇವರು, ಯಾರನ್ನೂ ಏನೂ ಮುಟ್ಟಲಿಕ್ಕೆ ಬಿಡುವುದಿಲ್ಲವಾ?" "ಚಿಕ್ಕಂದಿನಿಂದ ಹಾಗೇ. ಆಡಿದ ಗೊಂಬೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ದಳು." ನಾನು ತುಪ್ಪದನ್ನ ಬಡಿಸಿಕೊಂಡೆ.

ನವೆಂಬರ್ 9, ಗುರುವಾರ

ಗುಡ್ಡ!

ದುಂಡಗೆ, ನುಣ್ಣಗೆ, ಒಂದೇ ಒಂದು. ದಿಬ್ಬವಿಲ್ಲ, ಮೊನೆಯಿಲ್ಲ. ಹೊಸ ಪ್ರೋಗ್ರಾಮು ಎತ್ತರದವನ್ನೆಲ್ಲ ಬಿಟ್ಟು ಬಿಟ್ಟು ಮುಂದೆ ಹೋಯಿತು, ಗಿಡ್ಡ ಗೆರೆಯೊಂದರ ಬಳಿ ನಿಂತಿತು, ಪವರು ಇಳಿಸಿತು, ಕಾಯಿತು, ಇನ್ನೂ ಇಳಿಸಿತು. ಗೆರೆ ಅಲುಗಲಿಲ್ಲ. ಸ್ಪೀಕರಿನ ಗುಂಡಿ ಒತ್ತುವಾಗ ಸಾತ್ವಿ ನನ್ನ ಮುಂಗೈ ಹಿಡಿದಿದ್ದಳು. ಅವಳ ಉಗುರಿನ ಗುರುತು ಈಗಲೂ ಇದೆ.

ಈ ಸಲ ಯಾರಿಗೂ ಫೋನು ಮಾಡಲಿಲ್ಲ. ಇಬ್ಬರೂ ಮೊದಲು ಮೇನ್ ಸ್ವಿಚ್ಚು ಆಫ್ ಮಾಡಿದೆವು. ಆನ್ ಮಾಡಿದೆವು. ಗುಡ್ಡ. ಎಳೆಯನ್ನು ಬೆರಳಿನಲ್ಲಿ ಅಲುಗಿಸಿದೆವು. ಹೋಯಿತು, ಹುಡುಕಿತು, ಗುಡ್ಡ. ಎಸಿ ನಿಲ್ಲಿಸಿ ಕೋಣೆಯನ್ನು ಬೇಯಿಸಿದೆವು. ಸ್ವಲ್ಪ ತಡವಾಯಿತು, ಆದರೂ ಗುಡ್ಡ. ಬೆವರಿಳಿಸಿಕೊಂಡು ಇಬ್ಬರೂ ಕುಣಿಯುವುದೊಂದು ಬಾಕಿ. ಅಲ್ಲ, ಸ್ವಲ್ಪ ಕುಣಿದೆವು. ಬಾಗಿಲು ಹಾಕಿತ್ತು.

ಲೋಕಯ್ಯ ಸರ್‌ಗೆ ಮಾತ್ರ ಸಂಜೆ ಫೋನು ಮಾಡಿದೆ. ಪೂರ್ತಿ ಕೇಳಿ, "ಫಾಹಿಮಾ, ನಿನಗೆ ಅದನ್ನು ಹೇಳಿಕೊಡಲಿಕ್ಕೆ ನನಗೆ ಆಗಿರಲಿಲ್ಲ. ನನಗೂ ಹದ ಅಂತ ಮಾತ್ರ ಗೊತ್ತಿದ್ದದ್ದು. ಆ ಹುಡುಗಿ ಕೇಳಿದಳಲ್ಲ, ಅದು ದೊಡ್ಡದು" ಎಂದರು. ಸಾತ್ವಿಗೆ ಹೇಳಿದೆ. ಅವಳು ಅದನ್ನು ಎರಡೆರಡು ಸಲ ಹೇಳಿಸಿಕೊಂಡಳು.

ಜನವರಿ 10, 2007

ನಾಳೆ ಸಮಿತಿ. ಅನ್ನ ಬೇಡವೆಂದೆ. ಉಮ್ಮ ಗಂಜಿ ಕುಡಿಸಿದರು.

ಜನವರಿ 11, ಗುರುವಾರ

ಎಲ್ಲ ಬರೆಯಬೇಕು, ಬಿಡಬಾರದು.

ಮೂವರು ಬಂದರು. ಅಧ್ಯಕ್ಷರು ತಲೆ ನರೆತ ಪ್ರೊಫೆಸರು, ಹೆಚ್ಚು ಮಾತಿಲ್ಲ. ಲೇಸರು ಬೆಳಗ್ಗಿನಿಂದ ನಡೆಯುತ್ತಿತ್ತು, ಗುಡ್ಡ ಅಚಲ. ಅವರು ನೋಡಿದರು, ತಲೆಯಾಡಿಸಿದರು. ಎರಡನೆಯವರು, "ಒಂದು ಸಲ ಸಿಕ್ಕಿದ್ದನ್ನು ಯಾರೂ ಉಸಿರಾಡದೆ ಕಾಪಾಡಿ ತೋರಿಸುವುದನ್ನು ಬಹಳ ಲ್ಯಾಬುಗಳಲ್ಲಿ ನೋಡಿದ್ದೇನೆ" ಎಂದರು. ಅಧ್ಯಕ್ಷರು ನನ್ನತ್ತ ತಿರುಗಿ, "ಮುಟ್ಟಬಹುದೇ?" ಎಂದು ಕೇಳಿದರು.

"ಧಾರಾಳ ಮುಟ್ಟಿ ಸರ್" ಎಂದೆ.

ಅವರು ಮುಟ್ಟಲಿಲ್ಲ, ಒಂದು ಕಿವಿಯನ್ನು ಹಿಡಿದು ಪೂರ್ತಿ ಆಚೆ ಬದಿಗೆ ತಿರುಗಿಸಿಬಿಟ್ಟರು. ಗುಡ್ಡ ಕುಸಿಯಿತು. ಸಾತ್ವಿ ಗುಂಡಿ ಒತ್ತಿದಳು. ಕೊರ್ ಕೊರ್. ಎಲ್ಲರೂ ಪರದೆ ನೋಡುತ್ತ ನಿಂತರು. ಎತ್ತರದ ಗೆರೆಗಳು ಥಟ್ಟನೆ ಎದ್ದವು. "ಓ, ಸಿಕ್ಕಿತಲ್ಲ!" ಎಂದರು ಎರಡನೆಯವರು.

"ಅಲ್ಲ ಸರ್" ಎಂದೆವು ನಾವಿಬ್ಬರೂ ಒಟ್ಟಿಗೆ.

ಮೋಟರುಗಳಿಗೂ ಅಲ್ಲವೆಂದು ಗೊತ್ತಿತ್ತು. ಮುಂದೆ ಹೋದವು. ಇನ್ನೊಂದು ಎದ್ದಿತು, ನಡುಗಿತು, ಅದನ್ನೂ ಬಿಟ್ಟವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬರೀ ಕೊರ್ ಕೊರ್. ಪ್ರಿನ್ಸಿಪಾಲರು ಕೆಮ್ಮಿದರು. ನನ್ನ ಕೈ ತಾನಾಗಿ ಮೇಜಿನತ್ತ ಹೊರಟಿತು. ನಾನು ಹೋಗಿ ತಿರುಗಿಸಿದರೆ ಬೇಗ ಬರುತ್ತಿತ್ತು, ಖಂಡಿತ ಬರುತ್ತಿತ್ತು. ಸಾತ್ವಿ ನನ್ನನ್ನು ನೋಡಿದಳು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ಹೇಳಬೇಕಾದ್ದನ್ನೆಲ್ಲ ಹೇಳಿಕೊಟ್ಟಾಗಿದೆ, ಇನ್ನು ಅದು ಮಾಡಲಿ.

ಮೋಟರುಗಳು ನಿಂತವು. ಗಿಡ್ಡ ಗೆರೆಗಳ ಸಾಲು. ಪವರು ಇಳಿಯಿತು, ಗೆರೆಗಳು ಇಳಿಯಲಿಲ್ಲ. ಪಕ್ಕದ ಪರದೆಯಲ್ಲಿ ಇದಿನಬ್ಬರ ಸ್ಪೀಕರು ಗುಡ್ಡವನ್ನು ಬರೆಯಿತು.

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತರು. "ಎತ್ತರದ್ದನ್ನು ಯಾಕೆ ಬಿಟ್ಟಿತು? ಹೇಳಿ" ಎಂದರು. ನಾನು ಹೇಳಲು ಶುರುಮಾಡಿದೆ. ನಡುವೆ ಸಾತ್ವಿ ಸೇರಿಕೊಂಡಳು, ಅವಳು ಬಿಟ್ಟದ್ದನ್ನು ನಾನು, ನಾನು ಬಿಟ್ಟದ್ದನ್ನು ಅವಳು. ಚಹಾ ಬಂದು ಆರಿತು. ಹೊರಡುವಾಗ ಅವರು, "ಇದನ್ನು ಎಲ್ಲಿಗೂ ಸಾಗಿಸುವುದಿಲ್ಲ. ನೀವು ಈ ವಿಧಾನವನ್ನು ಬರೆದು ಕಳಿಸಿ, ಬೇರೆಯವರಿಗೂ ಬೇಕು" ಎಂದರು. ಎರಡನೆಯವರು ಮೋಟರನ್ನು ಬಗ್ಗಿ ನೋಡಿ, ಇದು ಯಾವ ಕಂಪೆನಿಯದ್ದು ಎಂದು ಕೇಳಿದರು. "ಗುಜರಿಯದ್ದು ಸರ್" ಎಂದಳು ಸಾತ್ವಿ.

ಕಾರು ಗೇಟು ದಾಟಿದ ಮೇಲೆ ಪ್ರಿನ್ಸಿಪಾಲರು ಇಬ್ಬರ ಕೈಯನ್ನೂ ಕುಲುಕಿದರು. ಸಾತ್ವಿ ಅಪ್ಪನಿಗೆ ಫೋನು ಮಾಡಿ, "ಈಗ ಹಂಚಿ!" ಎಂದು ಕೂಗಿದಳು.

ಫೆಬ್ರವರಿ 3, ಶನಿವಾರ

ಉಮ್ಮನ ಜೊತೆ ಬಂಟ್ವಾಳಕ್ಕೆ ಬಂದಿದ್ದೇನೆ, ಸಂಬಂಧಿಕರ ಹೊಸ ಮನೆ. ಹಿತ್ತಲಿನಿಂದ ನೇತ್ರಾವತಿ ಕಾಣುತ್ತದೆ, ಮರಳಿನ ನಡುವೆ ನೀರು ತೆಳ್ಳಗೆ ಹರಿಯುತ್ತಿದೆ. ಎರಡು ದಿನ ಇರುವ ಯೋಚನೆ. ಮೀನು ಊಟಕ್ಕೆ ಕೂತಾಗ ಫೋನು ಬಂತು.

"ಫಾಹಿಮಕ್ಕ! ಒಂದಲ್ಲ, ಮೂರು ಗುಡ್ಡ! ನಡುವೆ ದೊಡ್ಡದು, ಆಚೆ ಈಚೆ ಒಂದೊಂದು ಚಿಕ್ಕದು, ಎರಡೂ ಸರಿಸಮ. ನಾನು ಪವರ್ ಸ್ವಲ್ಪ ಹೆಚ್ಚು ಮಾಡಿ ನೋಡ್ತಿದ್ದೆ. ಹಾಳಾಯ್ತಾ?"

ಎಡಗೈಯಲ್ಲಿ ಫೋನು ಹಿಡಿದು ಎದ್ದು ನಿಂತೆ. "ನಡುಗ್ತದಾ?"

"ಇಲ್ಲ. ಬಂಡೆಯ ಹಾಗೆ ಉಂಟು."

"ಹಾಳಾಗಲಿಲ್ಲ ಸಾತ್ವಿ. ಅದು ಎರಡು ಪಲ್ಸು. ಒಂದಕ್ಕೊಂದು ಅಂಟಿಕೊಂಡ ಹಾಗೆ, ನಡುವೆ ಒಂದೇ ಅಂತರ ಇಟ್ಟುಕೊಂಡು ಸುತ್ತುತ್ತಾ ಉಂಟು. ಪುಸ್ತಕದಲ್ಲಿ ಓದಿದ್ದೇನೆ. ನಾನು ಒಂದು ಸಲವೂ ನೋಡಿಲ್ಲ. ಲೋಕಯ್ಯ ಸರ್ ಕೂಡ ನೋಡಿಲ್ಲ. ನೀನೇ ಮೊದಲು ನೋಡಿದ್ದು."

"ನಾನಾ?" ಎಂದಳು. ಇನ್ನೂ ಒಂದು ಸಲ, "ನಾನಾ?" ಆಮೇಲೆ ಗಾಬರಿಯಿಂದ, "ಈಗ ಎಂತ ಮಾಡುವುದು? ನೀವು ಬರ್ತೀರಾ? ಬಸ್ಸು ಉಂಟಾ?"

"ನಾನು ಬರುವುದು ಎಂತಕ್ಕೆ? ನೀನು ಇದ್ದೀಯಲ್ಲ. ಪವರ್ ಇಳಿಸಿ ನೋಡು, ಒಂದು ಯಾವಾಗ ಬಿಡ್ತದೆ ಅಂತ. ಏರಿಸಿ ನೋಡು, ಎರಡು ಯಾವಾಗ ಬರ್ತದೆ ಅಂತ. ನಿನಗೆ ಎಂತ ಕಾಣ್ತದೋ ಎಲ್ಲ ಬರೆದಿಡು. ಲೇಖನಕ್ಕೆ ನಿನ್ನ ಹೆಸರು ಮೊದಲು."

ಅವಳು ಏನೋ ಹೇಳಲು ಹೋಗಿ ಫೋನನ್ನೇ ಬೀಳಿಸಿದಳೆಂದು ಕಾಣುತ್ತದೆ. ಟಪ್ಪೆಂದಿತು. ಮತ್ತೆ ಮಾಡಲಿಲ್ಲ, ಕೆಲಸದಲ್ಲಿ ಮುಳುಗಿರಬೇಕು.

"ಹೋಗಬೇಕಾ ಮಗಳೇ?" ಎಂದರು ಉಮ್ಮ. ನನ್ನ ಚೀಲ ಎತ್ತಿಕೊಡಲು ಆಗಲೇ ಅರ್ಧ ಎದ್ದಿದ್ದರು.

"ಬೇಡ" ಎಂದು ಕೂತೆ. ಯಾಕೆ ನಗುತ್ತಿದ್ದೀ ಎಂದು ನೆಂಟರು ಕೇಳಿದರು. ಅವರಿಗೆ ಎರಡು ಪಲ್ಸಿನ ಕಥೆ ಹೇಳುತ್ತ ಹೇಳುತ್ತ ಪುಳಿಮುಂಚಿಯ ಬಂಗುಡೆ ಎರಡನೇ ಸಲ ಬಡಿಸಿಕೊಂಡೆ. ಉಂಡು ಹಿತ್ತಲಿನಲ್ಲಿ ಗಾಳಿಗೆ ಚಾಪೆ ಹಾಕಿ ಸಂಜೆಯವರೆಗೂ ಮಲಗಿದೆ.

ಎದ್ದು ನೋಡಿದರೆ ಸಾತ್ವಿಯ ಮೆಸೇಜು: ಸೋಮವಾರ ಬೆಳಗ್ಗೆ ಬೇಗ ಬರಬೇಕಂತೆ. ನನಗೆ ತೋರಿಸಲಿಕ್ಕೆ ಬಹಳ ಉಂಟಂತೆ.